ಕಾರ್ಪೆಟ್ ಸಾಹುಕಾರನ ತಪ್ಪೊಪ್ಪಿಗೆ

ಕಳೆದ ವರ್ಷ ಪರಿಸರ ದಿನದಂದು ನಮ್ಮೂರ ಹತ್ತಿರದ ಕಾರ್ಖಾನೆಯ ಮಾಲೀಕರೊಬ್ಬರು ಶಾಲೆಗೆ ಸಸಿಗಳನ್ನು ಕೊಟ್ಟರು. ಹಾರ, ಭಾಷಣ, ಫೋಟೊ ಎಲ್ಲವೂ ಆದವು. ವಂದನಾರ್ಪಣೆ ಮಾಡಿದವಳು ನಾನೇ. ಮರುದಿನ ಏಳನೆಯ ತರಗತಿಯ ಹುಡುಗಿಯೊಬ್ಬಳು, "ಮಿಸ್, ಸಸಿ ಕೊಟ್ಟರೆ ಅವರ ಫ್ಯಾಕ್ಟರಿ ಹೊಗೆ ಕಡಿಮೆ ಆಗುತ್ತಾ?" ಎಂದು ಕೇಳಿದಳು. ಉತ್ತರ ಹೊಳೆಯದೆ "ಪುಸ್ತಕ ತೆಗಿ" ಎಂದು ಗದರಿಬಿಟ್ಟೆ. ಆ ಗದರಿಕೆ ನನ್ನನ್ನೇ ಚುಚ್ಚುತ್ತಿತ್ತು.

ದಸರಾ ರಜೆಗೆ ಬಂದ ಮಗಳ ಮುಂದೆ ಇದನ್ನು ಹೇಳಿಕೊಂಡೆ. ಅವಳು ಬೆಂಗಳೂರಿಗೆ ಹೋದ ಮೇಲೆ ಒಂದು ಪುಸ್ತಕ ಕಳಿಸಿದಳು: ಅಮೆರಿಕದ ರೇ ಆ್ಯಂಡರ್‌ಸನ್ 1998ರಲ್ಲಿ ಬರೆದ 'ಮಿಡ್-ಕೋರ್ಸ್ ಕರೆಕ್ಷನ್'.

ಆ್ಯಂಡರ್‌ಸನ್ 1973ರಲ್ಲಿ ಜಾರ್ಜಿಯಾ ರಾಜ್ಯದಲ್ಲಿ 'ಇಂಟರ್‌ಫೇಸ್' ಎಂಬ ಕಂಪನಿ ಕಟ್ಟಿದವರು. ಕಚೇರಿಗಳ ನೆಲಕ್ಕೆ ಹಾಸುವ ಕಾರ್ಪೆಟ್ ಚೌಕಗಳು ಅವರ ಸರಕು. ಅದರ ನೈಲಾನ್ ನೂಲು ಹುಟ್ಟುವುದು ಪೆಟ್ರೋಲಿಯಂನಿಂದ. ಕಾನೂನು ಪಾಲಿಸಿದರೆ ಸಾಕು ಎಂದುಕೊಂಡು ಇಪ್ಪತ್ತೊಂದು ವರ್ಷ ವ್ಯಾಪಾರ ಮಾಡಿದರು. 1994ರಲ್ಲಿ, ಅರವತ್ತರ ವಯಸ್ಸಿನಲ್ಲಿ, ಪಾಲ್ ಹಾಕೆನ್ ಅವರ 'ದಿ ಎಕಾಲಜಿ ಆಫ್ ಕಾಮರ್ಸ್' ಓದಿ, ತಾನು ಭೂಮಿಯನ್ನು ಸೂರೆ ಮಾಡುತ್ತಿರುವವನು ಎಂದು ಒಪ್ಪಿಕೊಂಡರು.

ಉದ್ಯಮಿಗಳ ಆತ್ಮಕಥೆಗಳಲ್ಲಿ ಬಡತನ, ದುಡಿಮೆ, ಗೆಲುವು ಇರುತ್ತವೆ; ತಪ್ಪೊಪ್ಪಿಗೆ ಅಪರೂಪ. ನನಗೆ ಮೆಚ್ಚಿಗೆಯಾದದ್ದು ಇದೇ. ಈತ ಊರ ಶಾಲೆಗೆ ಸಸಿ ಹಂಚುವುದರಿಂದ ಆರಂಭಿಸಲಿಲ್ಲ. ತನ್ನ ಕಾರ್ಖಾನೆಯ ಕಸ, ಹೊಗೆ, ಇಂಧನ, ಸಾಗಾಟ ಇವನ್ನೇ ಅಳೆಯಲು ಕೂತರು. 2020ರೊಳಗೆ ಭೂಮಿಗೆ ಮಾಡುವ ಹಾನಿ ಸೊನ್ನೆಯಾಗಬೇಕೆಂಬ ಗುರಿ ಇಟ್ಟುಕೊಂಡರು. 1996ರಿಂದೀಚೆಗೆ ಹಸಿರುಮನೆ ಅನಿಲಗಳು ಶೇ. 82ರಷ್ಟು ಇಳಿದಿವೆ, ಲಾಭ ಇಮ್ಮಡಿಯಾಗಿದೆ ಎಂದು 2009ರಲ್ಲಿ ಹೇಳಿದರು. 2011ರಲ್ಲಿ ತೀರಿಕೊಂಡರು. ಗುರಿ ಮುಟ್ಟಿದೆವೆಂದು ಕಂಪನಿ 2019ರಲ್ಲಿ ಸಾರಿತು.

ಆದರೂ ನನಗೆ ತಕರಾರುಗಳಿವೆ. ಕಂಪನಿಯ ಲೆಕ್ಕದಲ್ಲಿ, ಬೇರೆ ಕಡೆ ಆದ ಇಂಗಾಲದ ಉಳಿತಾಯವನ್ನು ಹಣ ಕೊಟ್ಟು ಕೊಂಡದ್ದೂ ಸೇರಿತ್ತು. ಪಕ್ಕದವನ ಅಂಕ ಸೇರಿಸಿಕೊಂಡು ಪಾಸಾದ ಹುಡುಗನಿಗೆ ನಾನಾದರೆ ಪೂರ್ತಿ ಅಂಕ ಕೊಡಲಾರೆ. ಕಾರ್ಪೆಟ್ ಮಾರದೆ ಬಾಡಿಗೆಗೆ ಕೊಟ್ಟು, ಸವೆದ ಮೇಲೆ ವಾಪಸು ಪಡೆಯುವ ಅವರ ಒಳ್ಳೆಯ ಯೋಜನೆಯನ್ನು ಗಿರಾಕಿಗಳು ಅಷ್ಟಾಗಿ ಒಪ್ಪಲಿಲ್ಲ. ಒಬ್ಬ ಸಾಹುಕಾರನ ಮನಸ್ಸು ಬದಲಾದರೆ ಸಾಲದು. ಸರ್ಕಾರದ ಕಾನೂನೂ ಕೊಳ್ಳುವವರ ಮನಸ್ಸೂ ಬದಲಾಗಬೇಕು.

ಇನ್ನೊಂದು ಮಾತು. ಹಾಕೆನ್ ಅವರ ಪುಸ್ತಕ ಆ್ಯಂಡರ್‌ಸನ್‌ರ ಮೇಜಿಗೆ ಬಂದದ್ದು ಹೇಗೆ? ಪರಿಸರಕ್ಕಾಗಿ ನಿಮ್ಮ ಕಂಪನಿ ಏನು ಮಾಡುತ್ತಿದೆ ಎಂದು ಗಿರಾಕಿಗಳು ಕೇಳತೊಡಗಿದ್ದರು. ಆಗ ಮಾರಾಟ ವಿಭಾಗದ ಒಬ್ಬ ಮಹಿಳೆ ಅದನ್ನು ಅವರಿಗೆ ತಲುಪಿಸಿದಳು. ಅವಳಿಗೆ ಅದನ್ನು ಕಳಿಸಿದ್ದವಳು ಅವಳ ಮಗಳು! ಲೇಖಕರು ಇದನ್ನು ಮುಚ್ಚಿಟ್ಟಿಲ್ಲ. ಆದರೆ ಈ ಕಥೆ ಬಾಯಿಂದ ಬಾಯಿಗೆ ಹೋಗುವಾಗ ಸಾಹುಕಾರ ಉಳಿಯುತ್ತಾನೆ, ತಾಯಿ-ಮಗಳು ಜಾರಿಹೋಗುತ್ತಾರೆ. ಪ್ರಶ್ನೆ ಕೇಳಿದ ಗಿರಾಕಿಗಳನ್ನಂತೂ ಯಾರೂ ನೆನೆಯುವುದಿಲ್ಲ. ಸೀರೆ, ಸೋಪು, ಕುಕ್ಕರು ಕೊಳ್ಳುವ ನಾವೂ ಗಿರಾಕಿಗಳೇ ಅಲ್ಲವೆ? ಬಣ್ಣ ಹೋಗುತ್ತದೆಯೇ ಎಂದು ಕೇಳುವ ನಾವು, ಬಣ್ಣದ ನೀರು ಎಲ್ಲಿ ಹೋಗುತ್ತದೆ ಎಂದು ಕೇಳಿದ್ದೇವೆಯೇ?

ಈ ವರ್ಷವೂ ಸಸಿಗಳು ಬಂದವು. ನಾನು ವಂದನಾ ಪತ್ರದ ಕೊನೆಗೆ ಒಂದು ಸಾಲು ಸೇರಿಸಿದೆ: ಹೋದ ವರ್ಷ ಎಷ್ಟು ಕಲ್ಲಿದ್ದಲು ಸುಟ್ಟಿರಿ, ಈ ವರ್ಷ ಎಷ್ಟು ಸುಡುತ್ತೀರಿ ಎಂದು ನಮ್ಮ ಮಕ್ಕಳಿಗೆ ದಯವಿಟ್ಟು ತಿಳಿಸಿ. ಮುಖ್ಯೋಪಾಧ್ಯಾಯರು ಹಿಂದುಮುಂದು ನೋಡಿ ರುಜು ಹಾಕಿದರು.

ಉತ್ತರ ಇನ್ನೂ ಬಂದಿಲ್ಲ. ಈಗ ಎಂಟನೆಯ ತರಗತಿಯಲ್ಲಿರುವ ಆ ಹುಡುಗಿ ಮಾತ್ರ ವರಾಂಡದಲ್ಲಿ ಸಿಕ್ಕಾಗಲೆಲ್ಲ ಕೇಳುತ್ತಾಳೆ, "ಕಾಗದ ಬಂತಾ ಮಿಸ್?"

ಈಗ ನಾನು ಗದರುವುದಿಲ್ಲ.