ಜನಾರೋಗ್ಯಸಂವಹನದ ವ್ಯಾಸಂಗವೂ ಚರಕೋಕ್ತವಾದ ಶಾಸ್ತ್ರಪರೀಕ್ಷೆಯೂ

ರೋಗನಿವಾರಣೆಗೆ ಬೇಕಾದ ತಿಳಿವಳಿಕೆಯನ್ನು ಜನಸಮುದಾಯಕ್ಕೆ ಮುಟ್ಟಿಸುವ ವಿದ್ಯೆಯು ಈಚಿನ ಕೆಲವು ದಶಕಗಳಲ್ಲಿ ಪ್ರತ್ಯೇಕಶಾಸ್ತ್ರದ ರೂಪವನ್ನು ತಳೆದಿದೆ. ಅಮೆರಿಕದ ಅನೇಕ ವಿಶ್ವವಿದ್ಯಾನಿಲಯಗಳಲ್ಲಿ ಇದಕ್ಕೆ ಸ್ನಾತಕೋತ್ತರ ಪದವಿಗಳು ಏರ್ಪಟ್ಟಿವೆ. ಈ ವ್ಯಾಸಂಗವನ್ನು ಬಯಸುವ ವಿದ್ಯಾರ್ಥಿಯು ಮೊದಲು ವಿಚಾರಿಸುವುದು ಸಂಸ್ಥೆಯ ಕೀರ್ತಿಯನ್ನು, ಆಮೇಲೆ ಶುಲ್ಕವನ್ನು, ಪಾಠಕ್ರಮವನ್ನು ನೋಡುವುದು ಕಟ್ಟಕಡೆಗೆ. ಈ ಕ್ರಮವು ವಿಪರೀತವಾದುದೆಂಬುದಕ್ಕೆ ಚರಕಸಂಹಿತೆಯ ವಿಮಾನಸ್ಥಾನದ ಎಂಟನೆಯ ಅಧ್ಯಾಯವೇ ಸಾಕ್ಷಿ.

ವೈದ್ಯನಾಗಲಿಚ್ಛಿಸುವವನು ತಾನು ಕೈಕೊಳ್ಳುವ ಕಾರ್ಯದ ಗೌರವಲಾಘವಗಳನ್ನೂ ಅದರ ಫಲವನ್ನೂ ದೇಶಕಾಲಗಳನ್ನೂ ಅರಿತು, ಮೊದಲು ಶಾಸ್ತ್ರವನ್ನು ಪರೀಕ್ಷಿಸಬೇಕು, ಅನಂತರ ಆಚಾರ್ಯನನ್ನು ಪರೀಕ್ಷಿಸಬೇಕು ಎಂಬುದು ಅಲ್ಲಿಯ ವಿಧಿ. ಯಶಸ್ವಿಗಳು ಸೇವಿಸಿದ ಶಾಸ್ತ್ರವಾಗಿರಬೇಕೆಂಬ ಮಾತೂ ಅಲ್ಲುಂಟು. ಆದುದರಿಂದ ಕೀರ್ತಿಯು ಸರ್ವಥಾ ತ್ಯಾಜ್ಯವಲ್ಲ. ಆದರೆ ಅದು ಹಲವು ಲಕ್ಷಣಗಳಲ್ಲಿ ಒಂದು ಮಾತ್ರ. ಮಂದ, ಮಧ್ಯಮ, ತೀಕ್ಷ್ಣರೆಂಬ ಮೂರು ಬಗೆಯ ಶಿಷ್ಯರಿಗೂ ಹಿತವಾಗಿರುವುದು, ಶಬ್ದಕಾಠಿನ್ಯವಿಲ್ಲದಿರುವುದು, ಲಕ್ಷಣದೊಡನೆ ಉದಾಹರಣೆಯನ್ನೂ ಕೊಡುವುದು, ಇವೂ ಅಷ್ಟೇ ಮುಖ್ಯವಾದುವು.

ಈ ಒರೆಗಲ್ಲಿಗೆ ಇಂದಿನ ಪಾಠಕ್ರಮಗಳನ್ನು ಹಚ್ಚಿದರೆ ಭೇದಗಳು ತಾವಾಗಿಯೇ ಹೊರಬೀಳುತ್ತವೆ. ಅಮೆರಿಕದಲ್ಲಿ ಈ ಶಾಲೆಗಳಿಗೆ ಮಾನ್ಯತೆ ನೀಡುವ ಮಂಡಲಿಯು 1974ರಲ್ಲಿ ಏರ್ಪಟ್ಟಿತು. ಅದರ ನಿಯಮದಂತೆ ಎಂ.ಪಿ.ಎಚ್. ಪದವಿಗೆ ಕನಿಷ್ಠ 42 ಸೆಮೆಸ್ಟರ್ ಕ್ರೆಡಿಟ್‌ಗಳು ಬೇಕು. ರೋಗಪ್ರಸಾರಶಾಸ್ತ್ರ, ಸಂಖ್ಯಾಶಾಸ್ತ್ರಗಳ ಅಡಿಪಾಯವೂ ಕ್ಷೇತ್ರದಲ್ಲಿ ಮಾಡಿದ ಕಾರ್ಯಾಭ್ಯಾಸವೂ ಬೇಕು. ಸಂವಹನವನ್ನೇ ಪ್ರಧಾನವಾಗಿಟ್ಟುಕೊಂಡ ಎಂ.ಎಸ್. ಪದವಿಗಳಿಗೆ ಈ ಕಟ್ಟುಪಾಡು ಹಾಗೆಯೇ ಅನ್ವಯಿಸುವುದಿಲ್ಲ. ಅಲ್ಲಿ ಬರೆವಣಿಗೆ, ಪ್ರಚಾರಸಾಧನಗಳ ಅಭ್ಯಾಸಕ್ಕೆ ಹೆಚ್ಚು ಅವಕಾಶವಿರಬಹುದು. ಎರಡರ ಹೆಸರೂ ಹತ್ತಿರಹತ್ತಿರವಾಗಿರುವುದರಿಂದ ಹೆಸರನ್ನೇ ನೆಚ್ಚಿದ ವಿದ್ಯಾರ್ಥಿಯು ಬೇಡದುದನ್ನು ಪಡೆದಾನು. ರೋಗದ ಗತಿಯನ್ನು ಅಳೆಯಲರಿಯದವನು ಮಾತಿನಲ್ಲಿ ಎಷ್ಟು ಚತುರನಾದರೂ ಏನನ್ನು ಹೇಳಬೇಕೆಂಬುದಕ್ಕೆ ಅನ್ಯರನ್ನೇ ಆಶ್ರಯಿಸಬೇಕಾಗುತ್ತದೆ.

ಕೇವಲ ಅಳತೆಯೂ ಸಾಲದು. 1950ರ ದಶಕದಲ್ಲಿ ಅಮೆರಿಕದ ಸರ್ಕಾರವು ಕ್ಷಯರೋಗವನ್ನು ಕಂಡುಹಿಡಿಯಲು ಎಕ್ಸ್‌ರೇ ಪರೀಕ್ಷೆಯನ್ನು ಮನೆಯ ಸಮೀಪಕ್ಕೇ ಒಯ್ದು ಉಚಿತವಾಗಿ ಒದಗಿಸಿದರೂ ಬಹುಜನರು ಬರಲಿಲ್ಲ. ಏಕೆ ಬರಲಿಲ್ಲವೆಂಬ ಪ್ರಶ್ನೆಯನ್ನು ಹಾಕ್‌ಬಾಮ್, ರೋಸೆನ್‌ಸ್ಟಾಕ್ ಮೊದಲಾದವರು ಎತ್ತಿಕೊಂಡುದರಿಂದಲೇ, ಜನರ ನಂಬಿಕೆಗಳನ್ನು ಆಧಾರವಾಗಿಟ್ಟುಕೊಂಡ ಸಿದ್ಧಾಂತವೊಂದು ಈ ಶಾಸ್ತ್ರಕ್ಕೆ ದೊರೆಯಿತು.

ನಂಬಿಕೆಯಾದರೋ ಭಾಷೆಯನ್ನು ಬಿಟ್ಟು ಇರತಕ್ಕುದಲ್ಲ. ಇದಕ್ಕೆ ಮಲೆನಾಡಿಗಿಂತ ಉತ್ತಮವಾದ ಉದಾಹರಣೆಯಿಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲ್ಪಟ್ಟ ಜ್ವರವು ಜನರ ಬಾಯಲ್ಲಿ ಮಂಗನ ಕಾಯಿಲೆಯಾಯಿತು. ಮೊದಲು ಮಂಗಗಳು ಸಾಯುತ್ತಿದ್ದುವು, ಬಳಿಕ ಮನುಷ್ಯರು ಹಾಸಿಗೆ ಹಿಡಿಯುತ್ತಿದ್ದರು. ಹೆಸರು ಹುಟ್ಟಿದುದು ಹಾಗೆ. ಆದರೆ ರೋಗವನ್ನು ಮನುಷ್ಯನಿಗೆ ತಗುಲಿಸುವುದು ಉಣುಗು. ಸತ್ತ ಮಂಗವು ರೋಗವು ಆ ಸ್ಥಳದಲ್ಲಿ ಉಂಟೆಂಬುದಕ್ಕೆ ಲಿಂಗ. ಅದರ ಮೈಯಿಂದ ಇಳಿದ ಉಣುಗುಗಳು ಸುತ್ತಲಿನ ನೆಲದಲ್ಲಿ ಹರಡುವುದರಿಂದ ಆ ಸ್ಥಳವು ಅಪಾಯಕರವೂ ಹೌದು. ಹೀಗಿರಲಾಗಿ ಹೆಸರು ಪೂರ್ತಿ ಸುಳ್ಳಲ್ಲ. ಲಿಂಗವನ್ನೇ ಕಾರಣವೆಂದು ತಿಳಿದವನಾದರೋ ಮಂಗಕ್ಕೆ ಹೆದರಿ, ದರಗಿನೊಳಗೆ ಅಡಗಿರುವ ಕಣ್ಣಿಗೆ ಬೀಳದಷ್ಟು ಸಣ್ಣ ಉಣುಗನ್ನು ಮರೆಯುತ್ತಾನೆ. ಕಾಡಿಗೆ ಹೋಗಬೇಡಿರೆಂದು ಸಾರುವುದೂ ವ್ಯರ್ಥವೇ. ತೋಟಕ್ಕೆ ದರಗು, ಒಲೆಗೆ ಸೌದೆ ಮತ್ತೆಲ್ಲಿಂದ ಬರಬೇಕು? ಮೈಮುಚ್ಚುವ ಬಟ್ಟೆ, ಲೇಪಿಸಿಕೊಳ್ಳತಕ್ಕ ತೈಲ, ಮರಳಿದ ಮೇಲೆ ಬಿಸಿನೀರಿನ ಸ್ನಾನ, ಇವನ್ನು ಆ ಊರಿನ ಮಾತಿನಲ್ಲಿ, ಕಾಡಿಗೆ ಹೊರಡುವ ಹೊತ್ತಿಗೆ ಮುಂಚೆ ಹೇಳಬಲ್ಲವನು ಬೇಕು. ಅಂಥವನನ್ನು ಸಿದ್ಧಪಡಿಸುವ ಪಾಠವಿದೆಯೆ ಎಂಬುದೇ ಕನ್ನಡನಾಡಿಗೆ ಮರಳಲಿಚ್ಛಿಸುವ ವಿದ್ಯಾರ್ಥಿಯು ಕೇಳಬೇಕಾದ ಪ್ರಶ್ನೆ. ದೇಶಕಾಲಗಳನ್ನು ಅರಿಯಬೇಕೆಂಬ ವಿಧಿಗೆ ಇಲ್ಲಿ ಇದೇ ಅರ್ಥ.

ಇಷ್ಟರಿಂದ ಎಲ್ಲವೂ ಚರಕದಲ್ಲಿಯೇ ಉಂಟೆಂದು ಹೇಳಹೊರಡುವುದು ಪಾಂಡಿತ್ಯವಲ್ಲ. ಭಿನ್ನಪ್ರಕೃತಿಯ ಜನರು ಏಕಕಾಲದಲ್ಲಿ ಒಂದೇ ರೋಗಕ್ಕೆ ತುತ್ತಾಗುವುದೇಕೆಂಬ ಶಂಕೆಯನ್ನು ಜನಪದೋದ್ಧ್ವಂಸದ ಅಧ್ಯಾಯವು ಎತ್ತಿ, ಗಾಳಿ, ನೀರು, ನೆಲ, ಕಾಲ ಇವುಗಳ ವಿಕೃತಿಯನ್ನು ಉತ್ತರವಾಗಿ ಹೇಳಿದೆ, ಇದು ಶ್ಲಾಘ್ಯ. ಆದರೆ ಆ ವಿಕೃತಿಗೆ ಮೂಲವು ಅಧರ್ಮವೆಂದು ಮುಂದುವರಿಯುವಾಗ ಪರೀಕ್ಷೆಗೆ ಎಡೆಯೇ ಉಳಿಯುವುದಿಲ್ಲ. ಪೀಡಿತರನ್ನು ಎಣಿಸಿ ಊರಿಂದೂರಿಗೆ ಹೋಲಿಸುವ ವಿದ್ಯೆಯನ್ನು ಹೊಸ ಶಾಸ್ತ್ರದಿಂದಲೇ ಕಲಿಯಬೇಕು.

ಆಚಾರ್ಯನ ವಿಷಯದಲ್ಲಿ ಸಂಹಿತೆಯ ಮಾತು ಇಂದಿಗೂ ತೀಕ್ಷ್ಣವಾಗಿಯೇ ಇದೆ: ಅವನು ಓದಿದವನಾಗಿರುವುದಲ್ಲದೆ ಕರ್ಮವನ್ನು ಕಣ್ಣಾರೆ ಕಂಡವನೂ, ತಿಳಿದುದನ್ನು ತಿಳಿಯಹೇಳಬಲ್ಲವನೂ ಆಗಿರಬೇಕು. ಪ್ರಬಂಧಗಳ ಪಟ್ಟಿಯಿಂದ ಇದು ಗೊತ್ತಾಗದು. ಹಿಂದಿನ ಶಿಷ್ಯರನ್ನು ಕೇಳಬೇಕು, ಅವರು ಈಗ ಎಲ್ಲಿ ಯಾವ ಜನರ ನಡುವೆ ಕೆಲಸಮಾಡುತ್ತಿರುವರೆಂದು ವಿಚಾರಿಸಬೇಕು. ಆಚಾರ್ಯನೂ ಶಿಷ್ಯನನ್ನು ಪರೀಕ್ಷಿಸಬೇಕೆಂಬುದು ಅದೇ ಅಧ್ಯಾಯದ ವಿಧಿ. ಪರದೇಶದ ವಿದ್ಯಾರ್ಥಿಯ ಇಂಗ್ಲಿಷನ್ನು ಪರೀಕ್ಷಿಸಲು ಅಮೆರಿಕದ ಸಂಸ್ಥೆಗಳು ಟೋಫೆಲ್ ಮೊದಲಾದ ಪರೀಕ್ಷೆಗಳನ್ನು ಇಟ್ಟಿವೆ. ಅವನು ಯಾರೊಡನೆ ಮಾತನಾಡಲೆಂದು ಕಲಿಯುತ್ತಿರುವನೋ ಆ ಜನರ ನುಡಿಯಲ್ಲಿ ಅವನಿಗೆ ಎಷ್ಟು ಹಿಡಿತವಿದೆಯೆಂಬುದಕ್ಕೆ ಅಂಥ ಪರೀಕ್ಷೆಯು ಸಾಮಾನ್ಯವಾಗಿ ಕಾಣಬರುವುದಿಲ್ಲ.