ಏರುದಾರಿಯಲ್ಲಿ ರೋಗಿ: ಮೂರು ಹಿಮಾಲಯ ಕಥನಗಳ ಓದು

ಹಿಮಾಲಯವನ್ನು ಕುರಿತ ಪ್ರವಾಸ ಕಥನಗಳ ವಿಮರ್ಶೆ ಬಹುಮಟ್ಟಿಗೆ ಎರಡು ಜಾಡುಗಳಲ್ಲಿ ಸಾಗಿಬಂದಿದೆ. ನಿಸರ್ಗವರ್ಣನೆಯ ಸೊಗಸನ್ನು ಎತ್ತಿ ತೋರುವುದು ಒಂದು. ಯಾತ್ರಿಕನ ಅಂತರಂಗದ ಪಯಣವನ್ನು ಶೋಧಿಸುವುದು ಇನ್ನೊಂದು. ಈ ಎರಡರ ನಡುವೆ ನಡೆಯುವ ದೇಹ ಮರೆಗೆ ಸರಿದಿದೆ. ರೋಗಪೀಡಿತವಾಗಿ ನಡೆಯುವ ದೇಹವಂತೂ ಕಣ್ಣಿಗೇ ಬಿದ್ದಿಲ್ಲ. ಆದರೆ ಈ ಪ್ರಕಾರದ ಕೆಲವು ಮುಖ್ಯ ಬರಹಗಳನ್ನು ನಿಧಾನವಾಗಿ ಓದಿದರೆ, ಕಾಯಿಲೆ ಅವುಗಳಲ್ಲಿ ಪ್ರಾಸಂಗಿಕ ವಿವರವಲ್ಲ, ಕಥನದ ಸ್ವರೂಪವನ್ನೇ ನಿರ್ಧರಿಸುವ ಸಂಗತಿ ಎಂಬುದು ತಿಳಿಯುತ್ತದೆ. ಉಬ್ಬಸ ಬಂದವನು ಏರುದಾರಿಯಲ್ಲಿ ಬರೆಯಲಾರ. ಅವನ ಪಕ್ಕದಲ್ಲಿ ನಡೆದವರು ಬರೆಯುತ್ತಾರೆ, ಇಲ್ಲವೇ ಅವನೇ ಇಳಿದುಬಂದ ಮೇಲೆ ನೆನಪಿನಿಂದ ಹೇಳುತ್ತಾನೆ. ಬರೆಯುವವರಿಗೆ ಭಕ್ತಿಯದೋ ಸಾಹಸದ್ದೋ ರಾಷ್ಟ್ರಾಭಿಮಾನದ್ದೋ ಒಂದು ಅಗತ್ಯವಿರುತ್ತದೆ. ರೋಗವು ಆ ಅಗತ್ಯಕ್ಕೆ ತಕ್ಕ ರೂಪವನ್ನು ತಾಳುತ್ತದೆ.

1898ರ ಆಗಸ್ಟ್ 2ರ ಶ್ರಾವಣ ಹುಣ್ಣಿಮೆಯಂದು ಸ್ವಾಮಿ ವಿವೇಕಾನಂದರು ಅಮರನಾಥದ ಗುಹೆಯನ್ನು ಹೊಕ್ಕರು. ಆಗ ಅವರಿಗೆ 35 ವರ್ಷ. ಮಧುಮೇಹ ಮತ್ತು ಉಬ್ಬಸ ಎರಡೂ ಅವರ ದೇಹದಲ್ಲಿ ಬೇರೂರಿದ್ದವು. ಹಿಂದಿನ ವರ್ಷವೇ ವಿಶ್ರಾಂತಿಗೆಂದು ಡಾರ್ಜಿಲಿಂಗ್, ಆಲ್ಮೋರಾಗಳಿಗೆ ಹೋಗಬೇಕಾಗಿತ್ತು. ಪಹಲ್ಗಾಮ್, ಚಂದನವಾರಿ, ಪಂಚತರಣಿಗಳ ಮೂಲಕ ಹಾದುಹೋಗುವ ಆ ದಾರಿ 4,200 ಮೀಟರಿಗೂ ಮೀರಿದ ಕಣಿವೆಮಾರ್ಗವೊಂದನ್ನು ದಾಟಿ, ಸುಮಾರು 3,900 ಮೀಟರ್ ಎತ್ತರದ ಗುಹೆಗೆ ತಲಪುತ್ತದೆ. ಅಲ್ಲಿ ಪ್ರತಿ ಉಸಿರಿಗೂ ದೊರೆಯುವ ಆಮ್ಲಜನಕ ಸಮುದ್ರಮಟ್ಟದಲ್ಲಿ ದೊರೆಯುವುದರ ಮೂರನೆಯ ಎರಡು ಭಾಗಕ್ಕಿಂತಲೂ ಕಡಿಮೆ. ಇದರ ಮೇಲೆ ಮಿತಾಹಾರ, ಪಂಚತರಣಿಯ ಐದು ತೊರೆಗಳಲ್ಲಿ ಹಿಮಜಲದ ಸ್ನಾನ, ಕೌಪೀನ ಮಾತ್ರ ಧರಿಸಿ ದರ್ಶನ. ಯಾತ್ರೆಯ ವಿಧಿಗಳಲ್ಲಿ ಒಂದನ್ನೂ ಅವರು ಬಿಡಲಿಲ್ಲ.

ಅವರ ಪಾಶ್ಚಾತ್ಯ ಶಿಷ್ಯೆಯರಲ್ಲಿ ಈ ಯಾತ್ರೆಗೆ ಜೊತೆಗೂಡಿದವರು ಸೋದರಿ ನಿವೇದಿತಾ ಒಬ್ಬರೇ. ಅವರು ಭಾರತಕ್ಕೆ ಬಂದು ಆಗಿನ್ನೂ ಆರು ತಿಂಗಳು ಕಳೆದಿತ್ತು. ಅವರ ಯಾತ್ರಾ ಟಿಪ್ಪಣಿಗಳು ಗ್ರಂಥರೂಪದಲ್ಲಿ ಹೊರಬಂದದ್ದು ಅವರು ತೀರಿಕೊಂಡ ಮೇಲೆ, 1913ರಲ್ಲಿ. ಗುಹೆಯ ಪ್ರಸಂಗದಲ್ಲಿ ಅಕ್ಕಪಕ್ಕದಲ್ಲಿರುವ ಎರಡು ಮಾತುಗಳನ್ನು ಗಮನಿಸಬೇಕು. ತಾವು ಮೂರ್ಛೆಹೋಗದಂತೆ ತಮ್ಮನ್ನು ಬಿಗಿಹಿಡಿದುಕೊಳ್ಳಬೇಕಾಯಿತೆಂದು ಸ್ವಾಮಿಗಳು ಆಮೇಲೆ ಹೇಳಿದರೆಂಬುದು ಮೊದಲನೆಯದು. ಇಲ್ಲಿ ಮೂರ್ಛೆಗೆ ಕಾರಣ ದರ್ಶನ. ಅವರಿಗಾದ ಆಯಾಸ ಎಷ್ಟಿತ್ತೆಂದರೆ ಹೃದಯ ನಿಂತೇಹೋಗಬೇಕಿತ್ತು, ಬದಲಾಗಿ ಅದು ಶಾಶ್ವತವಾಗಿ ಹಿಗ್ಗಿತೆಂದು ವೈದ್ಯರೊಬ್ಬರು ಹೇಳಿದರೆಂಬುದು ಎರಡನೆಯದು. ಇಲ್ಲಿ ಕಾರಣ ದೇಹ. ನಿವೇದಿತಾ ಇವೆರಡರಲ್ಲಿ ಒಂದನ್ನು ಆರಿಸುವುದಿಲ್ಲ, ಒಂದರಿಂದ ಇನ್ನೊಂದನ್ನು ವಿವರಿಸುವುದೂ ಇಲ್ಲ. ಅಮರನಾಥನು ತಮಗೆ ಇಚ್ಛಾಮರಣದ ವರವಿತ್ತನೆಂಬ ಗುರುವಿನ ಮಾತನ್ನೂ ಅವರೇ ದಾಖಲಿಸಿದ್ದಾರೆ. ಮುಂದಿನ ಭಕ್ತಪರಂಪರೆ ವರವನ್ನು ಎತ್ತಿ ಹಿಡಿದಷ್ಟು ವೈದ್ಯರ ಮಾತನ್ನು ಹಿಡಿಯಲಿಲ್ಲ. ಟಿಪ್ಪಣಿಗಳ ಬೆಲೆ ಇರುವುದು ಇವನ್ನು ಬೆಸೆಯದೆ ಬಿಟ್ಟ ಪ್ರಾಮಾಣಿಕತೆಯಲ್ಲಿ. ಗುರುವಿನ ಅನುಭವದಲ್ಲಿ ತನಗೆ ಪಾಲು ಸಿಗಲಿಲ್ಲವೆಂಬ ಬೇಗುದಿ ಆ ತಿಂಗಳ ಅವರ ಪತ್ರದಲ್ಲಿ ಕಾಣುತ್ತದೆ. ಹೊರಗೆ ಉಳಿದ ಸಾಕ್ಷಿಯಾದುದರಿಂದಲೇ ಅವರು ಹೊರಗಿನಿಂದ ಕಾಣುವ ದೇಹವನ್ನು ನೋಡಬಲ್ಲವರಾದರು.

ಇದೇ ಘಟನೆಗೆ ರೋಗಿಯ ಸ್ವಂತ ಮಾತಿನ ಆಕರವೂ ಇದೆ. ಶರಚ್ಚಂದ್ರ ಚಕ್ರವರ್ತಿಯವರು ಬಂಗಾಳಿಯಲ್ಲಿ ದಾಖಲಿಸಿದ ಸ್ವಾಮಿ-ಶಿಷ್ಯ ಸಂವಾದದಲ್ಲಿ, ಕಾಶ್ಮೀರದಿಂದ ಬೇಲೂರಿನ ಬಾಡಿಗೆಯ ಮಠಕ್ಕೆ ಮರಳಿದ ವಿವೇಕಾನಂದರು ಯಾತ್ರೆಯನ್ನು ನೆನೆಯುತ್ತಾರೆ. ಶಿಷ್ಯನ ಕಣ್ಣಿಗೆ ಮೊದಲು ಬೀಳುವುದು ಅವರ ಎಡಗಣ್ಣಿನಲ್ಲಿ ಕಟ್ಟಿದ ರಕ್ತ. ಅವರ ಮಾತಿನಲ್ಲಿ ಶಿವನು ತಲೆಯ ಮೇಲೆ ಕುಳಿತು ಇಳಿಯನೆಂಬ ಅನುಭವವೂ ಇದೆ. ಅದರ ಜೊತೆಗೇ, ಯಾತ್ರಿಕರು ಸಾಮಾನ್ಯವಾಗಿ ಹಿಡಿಯದ ಕಡಿದಾದ ದಾರಿಯನ್ನು ಹಟದಿಂದ ಹಿಡಿದದ್ದು, ಆ ಶ್ರಮ ಮೈಯನ್ನು ಬಾಧಿಸಿದ್ದು, ಚಳಿ ಸೂಜಿಯಂತೆ ಚುಚ್ಚಿದ್ದು ಎಲ್ಲವೂ ನೇರವಾಗಿ ಬಂದಿವೆ. ಗುಹೆಯೊಳಗೆ ಚಳಿ ತಿಳಿಯಲಿಲ್ಲ, ಹೊರಬಂದಾಗ ಮೈ ಮರಗಟ್ಟಿತು ಎಂಬ ಕ್ರಮವನ್ನು ಅವರು ತಪ್ಪದೆ ಹೇಳುತ್ತಾರೆ. ರೋಗಿಯ ಭಾಷೆ ಇಲ್ಲಿ ಸಾಕ್ಷಿಯ ಭಾಷೆಗಿಂತ ಸರಳ. ತಪಸ್ಸೆಂಬ ಪದದ ಆಸರೆ ಅವರಿಗೆ ಸುಲಭವಾಗಿ ಲಭ್ಯವಿತ್ತು. ದೇಹದ ವಿಷಯಕ್ಕೆ ಬಂದಾಗ ಅವರು ಅದನ್ನು ಬಳಸಲಿಲ್ಲ.

ಶತಮಾನದ ಹಿಂದಿನ ದೇಹಕ್ಕೆ ಇಂದು ರೋಗನಿರ್ಣಯ ಮಾಡುವುದು ವಿಮರ್ಶೆಯ ಕೆಲಸವಲ್ಲ. ಅಂಥ ಉತ್ಸಾಹ ಕೆಲವು ಬರಹಗಳಲ್ಲಿ ಅತಿಯಾಗಿದೆ. ಆದರೆ ಒಂದು ಹೋಲಿಕೆಯನ್ನು ತಪ್ಪಿಸಲಾಗದು. ಇಂದು ಅಮರನಾಥಕ್ಕೆ ಹೋಗುವವರು ಕಡ್ಡಾಯವಾಗಿ ಆರೋಗ್ಯ ಪ್ರಮಾಣಪತ್ರ ಸಲ್ಲಿಸಬೇಕು. 1898ರ ಆ ಯಾತ್ರಿಕರಿಗೆ ಅದು ದೊರೆಯುತ್ತಿತ್ತೆಂದು ಹೇಳುವುದು ಕಷ್ಟ. ವಿವೇಕಾನಂದರಾದರೋ ಅಲ್ಲಿಗೂ ನಿಲ್ಲಲಿಲ್ಲ: 1901ರ ಜನವರಿಯಲ್ಲಿ, ಗತಿಸಿದ ಶಿಷ್ಯ ಸೇವಿಯರರ ಪತ್ನಿಯನ್ನು ಕಾಣಲು ಹಿಮದಲ್ಲಿ ಮಾಯಾವತಿಗೆ ಏರಿಹೋದರು, ಉಬ್ಬಸದಿಂದ ಅಲ್ಲಿ ನರಳಿದರು. ವ್ರತವೂ ವಿಧಿಯೂ ಇಲ್ಲದ ಈ ಎರಡನೆಯ ಏರಿಕೆ ಮೊದಲನೆಯದರಷ್ಟು ಪ್ರಸಿದ್ಧವಾಗಲಿಲ್ಲ. ದರ್ಶನದ ಕಿರೀಟವಿಲ್ಲದ ಕಾಯಿಲೆಗೆ ಕಥನದಲ್ಲಿ ಜಾಗ ಕಡಿಮೆಯೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

ಧಾರ್ಮಿಕ ಕಥನದಲ್ಲಿ ತಪಸ್ಸಿಗಿರುವ ಸ್ಥಾನ ಪರ್ವತಾರೋಹಣದ ಕಥನದಲ್ಲಿ ತ್ಯಾಗಕ್ಕಿದೆ. 1950ರ ಜೂನ್ 3ರಂದು ಲೂಯಿ ಲಾಶೆನಾಲ್‌ರೊಡನೆ ಅನ್ನಪೂರ್ಣಾ ಶಿಖರವನ್ನೇರಿದ ಮೊರಿಸ್ ಹೆರ್ಜೋಗ್, ಹಿಮದಂಶದಿಂದ ಬೆರಳುಗಳನ್ನು ಕಳೆದುಕೊಂಡು, ಆಸ್ಪತ್ರೆಯ ಹಾಸಿಗೆಯಲ್ಲಿ ಬಾಯಿಂದ ಹೇಳಿ ಬರೆಸಿದ ಗ್ರಂಥ 1951ರಲ್ಲಿ ಪ್ರಕಟವಾಯಿತು. ಹಿಮದಂಶ ಕಾಯಿಲೆಯಲ್ಲ, ಗಾಯ ಎನ್ನಬಹುದು. ಆದರೆ ಅದರ ಹಿಂದೆಯೇ ಬಂದ ಜ್ವರ, ಕೀವು, ಅಂಗಚ್ಛೇದನಗಳು ಮರಳುದಾರಿಯನ್ನೆಲ್ಲ ರೋಗಶಯ್ಯೆಯಾಗಿಸಿದವು. ಆ ಗ್ರಂಥದಲ್ಲಿ ಕಳೆದುಹೋದ ಬೆರಳುಗಳು ಹೊಸ ಬಾಳಿಗೆ ತೆತ್ತ ಬೆಲೆ. ಲಾಶೆನಾಲ್ ವೃತ್ತಿಯಿಂದ ಪರ್ವತ ಮಾರ್ಗದರ್ಶಿ. ಅವರಿಗೆ ಪಾದವೆಂದರೆ ಅನ್ನ. ಹಿಂತಿರುಗಲು ಬಯಸಿದ್ದರೂ, ಹೆರ್ಜೋಗ್ ಒಬ್ಬರೇ ಹೋದರೆ ಬದುಕಿ ಬರಲಾರರೆಂದು ತಾನು ಮುಂದುವರಿದೆನೆಂಬುದು ಅವರ ಹೇಳಿಕೆ. 1955ರಲ್ಲಿ ಅವರು ತೀರಿಕೊಂಡ ಮರುವರ್ಷ ಹೊರಬಂದ ಅವರ ಟಿಪ್ಪಣಿಗಳನ್ನು ಸಂಪಾದಿಸಿದವರು ಹೆರ್ಜೋಗರ ಸಹೋದರ. ಕತ್ತರಿ ಹಾಕದ ಆವೃತ್ತಿ 1996ರವರೆಗೆ ಕಾಯಬೇಕಾಯಿತು. ಒಂದೇ ಹಿಮ, ಒಂದೇ ದಿನ. ಆದರೆ ಒಬ್ಬರ ನೋವು ಗ್ರಂಥವಾಯಿತು, ಇನ್ನೊಬ್ಬರದು ಸಂಪಾದಕನ ಮೇಜಿನ ಮೇಲೆ ಉಳಿಯಿತು.

ಕಾಲದಲ್ಲಿ ಇದಕ್ಕಿಂತ ಹಿಂದಿನದಾದರೂ ಅಲೆಗ್ಸಾಂಡರ್ ಕೆಲ್ಲಾಸ್‌ರ ಪ್ರಕರಣ ಮೂರರಲ್ಲಿ ಅತ್ಯಂತ ಕಠಿಣವಾದುದು. ಸ್ಕಾಟ್ಲೆಂಡಿನ ಈ ರಸಾಯನಶಾಸ್ತ್ರಜ್ಞರು ಎತ್ತರದಲ್ಲಿ ಮನುಷ್ಯದೇಹ ಹೇಗೆ ವರ್ತಿಸುತ್ತದೆಂಬುದನ್ನು ತಮ್ಮ ಕಾಲದಲ್ಲಿ ಬೇರಾರೂ ತಿಳಿಯದಷ್ಟು ತಿಳಿದಿದ್ದರು. ಎವರೆಸ್ಟ್ ಏರಲು ಸಾಧ್ಯವೇ ಎಂಬುದನ್ನು ಶರೀರಶಾಸ್ತ್ರದ ಲೆಕ್ಕದಿಂದ ವಿಚಾರಿಸಿದ ಅವರ ಪ್ರಬಂಧದ ಇಂಗ್ಲಿಷ್ ಮೂಲ ಪೂರ್ಣರೂಪದಲ್ಲಿ ಅಚ್ಚಾದದ್ದು 2001ರಲ್ಲಿ. 1921ರ ಮೊದಲ ಎವರೆಸ್ಟ್ ಅನ್ವೇಷಣ ತಂಡದಲ್ಲಿ ಅವರೂ ಇದ್ದರು. ಡಾರ್ಜಿಲಿಂಗಿಗೆ ಬಂದಾಗಲೇ ದಣಿದಿದ್ದ ಅವರಿಗೆ ದಾರಿಯಲ್ಲಿ ಆಮಶಂಕೆ ಹಿಡಿಯಿತು. ಟಿಬೆಟಿನ ಕಂಪಾ ಜೋಂಗ್ ಸಮೀಪಿಸುವಾಗ, ಜೂನ್ 5ರಂದು, ಹೊತ್ತೊಯ್ಯುವ ಡೋಲಿಯಲ್ಲಿ ಅವರು ತೀರಿಕೊಂಡರು. ತಂಡದ ಸದಸ್ಯರಲ್ಲಿ ಯಾರೂ ಆಗ ಬಳಿಯಲ್ಲಿರಲಿಲ್ಲ, ವೈದ್ಯರೂ ಮುಂದೆ ಹೋಗಿದ್ದರು.

ತಂಡದ ನಾಯಕ ಹೊವರ್ಡ್-ಬರಿ 1922ರಲ್ಲಿ ಹೊರತಂದ ಅಧಿಕೃತ ಗ್ರಂಥದಲ್ಲಿ ಈ ಸಾವಿನ ವರದಿ ಸಂತಾಪದ ಧಾಟಿಯದು. ಜಾರ್ಜ್ ಮಲೊರಿ ಬರೆದ ಪತ್ರದ ಧಾಟಿ ಬೇರೆ. ಮತ್ತೆಮತ್ತೆ ಬಯಲಿಗೆ ಹೋಗಬೇಕಾಗಿದ್ದ ಕೆಲ್ಲಾಸ್, ಆ ಅವಸ್ಥೆಯಲ್ಲಿ ತನ್ನನ್ನು ಯಾರೂ ನೋಡಬಾರದೆಂದು ಎಲ್ಲರನ್ನೂ ಮುಂದೆ ಕಳುಹಿಸುತ್ತಿದ್ದರೆಂದು ಅಲ್ಲಿ ತಿಳಿಯುತ್ತದೆ. ಪರ್ವತಾರೋಹಣದ ತಂಡವೆಂದರೆ ಹೀಗಿರುತ್ತದೆಯೇ ಎಂಬ ಪಶ್ಚಾತ್ತಾಪವೂ ಅದರಲ್ಲಿದೆ. ಮೂರೂ ಪ್ರಕರಣಗಳನ್ನು ಒಟ್ಟಿಗಿಟ್ಟು ನೋಡಿದರೆ ಇಲ್ಲಿ ಮಾತ್ರ ಕಾಯಿಲೆ ಯಾವ ಅಲಂಕಾರಕ್ಕೂ ಒಗ್ಗದೆ ನಿಂತಿದೆ. ಹಿಗ್ಗಿದ ಹೃದಯಕ್ಕೆ ಪುರಾಣವಿದೆ, ಕಳೆದ ಬೆರಳಿಗೆ ಕೀರ್ತಿಯಿದೆ. ಆಮಶಂಕೆಗೆ ಅವೆರಡೂ ಇಲ್ಲ. ರೋಗಿ ತನ್ನ ಸಂಕೋಚದಿಂದಲೇ ಸಾಕ್ಷಿಗಳನ್ನು ದೂರಮಾಡಿಕೊಂಡದ್ದರಿಂದ ಆ ಕೊನೆಯ ಗಳಿಗೆಗಳಿಗೆ ಬರೆಯುವ ಸಾಕ್ಷಿಯೇ ಇಲ್ಲವಾಯಿತು.

ಬರೆಯದ ಸಾಕ್ಷಿಗಳಿದ್ದರು. ಮರಳುದಾರಿಯಲ್ಲಿ ಹೆರ್ಜೋಗ್‌ರನ್ನು ಬೆನ್ನ ಮೇಲೆ, ಬುಟ್ಟಿಯಲ್ಲಿ ಹೊತ್ತ ಕೂಲಿಗಳಂತೆಯೇ ಕೆಲ್ಲಾಸ್‌ರ ಡೋಲಿಗೆ ಹೆಗಲು ಕೊಟ್ಟವರೂ ಅವರ ನರಳಾಟವನ್ನು ಅತ್ಯಂತ ಹತ್ತಿರದಿಂದ ಕೇಳಿದವರು. ಅವರಿಗೂ ಅದೇ ತೆಳುಗಾಳಿಯಿತ್ತು, ಅವರಿಗೂ ಜ್ವರ ಬರುತ್ತಿತ್ತು; ಹೊರೆಯವನ ಕಾಯಿಲೆ ಈ ಗ್ರಂಥಗಳಲ್ಲಿ ಬರುವುದು ಹೆಚ್ಚಾಗಿ ಸಾಗಾಟದ ಅಡಚಣೆಯಾಗಿ. ಕೆಲ್ಲಾಸ್‌ರನ್ನು ಕಂಪಾ ಜೋಂಗಿನಲ್ಲಿ, ಅವರು ಹಿಂದೆ ಏರಿದ್ದ ಪೌಹುನ್ರಿ, ಕಾಂಗ್ಚೆನ್‌ಝಾವ್, ಚೊಮಿಯೊಮೊ ಶಿಖರಗಳು ಕಾಣುವೆಡೆ ಹೂಳಲಾಯಿತು. ಹೊವರ್ಡ್-ಬರಿ ಬೈಬಲ್ಲಿನ ಭಾಗವೊಂದನ್ನು ಓದುತ್ತಿದ್ದಾಗ, ಕೆಲ್ಲಾಸ್ ತಾವೇ ಪಳಗಿಸಿದ್ದ ನಾಲ್ವರು ಬೆಟ್ಟದ ಹುಡುಗರು ಸಮಾಧಿಯ ಬಳಿಯ ದೊಡ್ಡ ಬಂಡೆಯ ಮೇಲೆ ಬೆರಗಾಗಿ ಕುಳಿತಿದ್ದರೆಂದು ಮಲೊರಿ ಬರೆದಿದ್ದಾರೆ.