ಮಂತ್ರದ ಅವಧಿ ಎಣಿಸುವ ಆಡ್-ಆನ್‌ಗಳು: ಯಾವುದನ್ನು ನಂಬಬೇಕು?

ಲೋಲಕದ ಪ್ರಯೋಗ ಮಾಡುವ ವಿದ್ಯಾರ್ಥಿಗಳು ಸ್ಟಾಪ್‌ವಾಚ್ ತೋರಿಸುವ ಸೆಕೆಂಡಿನ ನೂರನೇ ಒಂದು ಭಾಗವನ್ನೂ ದಾಖಲೆ ಪುಸ್ತಕದಲ್ಲಿ ಬರೆಯುತ್ತಾರೆ. ಗುಂಡಿ ಒತ್ತುವ ಬೆರಳೇ ಸುಮಾರು 0.2 ಸೆಕೆಂಡು ತಡಮಾಡುತ್ತದೆ ಎಂಬುದನ್ನು ಮರೆಯುತ್ತಾರೆ. ಅಂತರ್ಜಾಲದಲ್ಲಿ ಹಲವರು ಕೂಡಿ ಆಡುವ ಆಟಗಳಲ್ಲೂ ಇದೇ ತಪ್ಪು ನಡೆಯುತ್ತದೆ.

2004ರಲ್ಲಿ ಬ್ಲಿಝಾರ್ಡ್ ಸಂಸ್ಥೆ ಹೊರತಂದ 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' ಆಟವನ್ನು ಗಮನಿಸಿ. ಹಳೆಯ ಆವೃತ್ತಿಯಲ್ಲಿ ವಾರ್ಲಾಕ್ ಎಂಬ ಮಾಂತ್ರಿಕನ 'ಕರಪ್ಷನ್' ಮಂತ್ರದ ಅವಧಿ, 3ನೇ ಹಂತದಿಂದ ಮೇಲೆ, 18 ಸೆಕೆಂಡು. 3 ಸೆಕೆಂಡಿಗೊಮ್ಮೆ ಒಟ್ಟು 6 ಪೆಟ್ಟುಗಳು. ಕೊನೆಯ ಪೆಟ್ಟಿಗೆ ಮೊದಲೇ ಮಂತ್ರವನ್ನು ಮತ್ತೆ ಹಾಕಿದರೆ ಆ ಪೆಟ್ಟು ಬೀಳುವುದೇ ಇಲ್ಲ. ಆರರಲ್ಲಿ ಒಂದು ಪಾಲು ನಷ್ಟ. ತಡವಾಗಿ ಹಾಕಿದರೆ ನಡುವಿನ ಕಾಲ ವ್ಯರ್ಥ.

ಆದ್ದರಿಂದಲೇ ಉಳಿದ ಸಮಯ ತೋರಿಸುವ ಆಡ್-ಆನ್‌ಗಳು, ಅಂದರೆ ಲುವಾ ಭಾಷೆಯಲ್ಲಿ ಬರೆದ ಪೂರಕ ತಂತ್ರಾಂಶಗಳು, ಹುಟ್ಟಿಕೊಂಡವು. ಬಣ್ಣ ಮತ್ತು ದಶಾಂಶ ನೋಡಿ ಇವನ್ನು ಆರಿಸುವವರೇ ಹೆಚ್ಚು. ಕೇಳಬೇಕಾದ ಪ್ರಶ್ನೆ ಬೇರೆ: ಈ ಸಂಖ್ಯೆ ಎಲ್ಲಿಂದ ಬಂತು?

'ಓಮ್ನಿಸಿಸಿ' ತಾನಾಗಿ ಏನನ್ನೂ ಅಳೆಯುವುದಿಲ್ಲ. ತನಗೆ ದೊರೆತ ಅವಧಿಯನ್ನು ಚಿತ್ರದ ಮೇಲೆ ಅಂಕಿಯಾಗಿ ಬರೆಯುತ್ತದೆ, ಅಷ್ಟೆ. ಆದರೆ 2019ರಲ್ಲಿ ಹಳೆಯ ಆಟ 'ಕ್ಲಾಸಿಕ್' ಎಂಬ ಹೆಸರಿನಲ್ಲಿ ಮರಳಿದಾಗ, ಎದುರಾಳಿಯ ಮೇಲಿನ ಮಂತ್ರದ ಅವಧಿಯನ್ನು ಆಟ ತಿಳಿಸುತ್ತಿರಲಿಲ್ಲ. 'ಕ್ಲಾಸಿಕ್ ಆರಾ ಡ್ಯುರೇಷನ್ಸ್' ಎಂಬ ಆಡ್-ಆನ್, ಕಾದಾಟದ ದಾಖಲೆಯಿಂದ ಮಂತ್ರ ತಗುಲಿದ ಕ್ಷಣವನ್ನು ಹಿಡಿದು, ತನ್ನ ಪಟ್ಟಿಯಲ್ಲಿದ್ದ ಅವಧಿಯನ್ನು ಅದಕ್ಕೆ ಕೂಡಿಸಿತು. ಜಾಣ ಉಪಾಯವೇ ಸರಿ. ಆದರೆ ಆ ದಾಖಲೆ ಮಂತ್ರದ ಹೆಸರು ಹೇಳುತ್ತಿತ್ತು, ಹಂತವನ್ನು ಹೇಳುತ್ತಿರಲಿಲ್ಲ. ಕರಪ್ಷನ್ ಮಂತ್ರದ ಮೊದಲ ಹಂತದ ಅವಧಿ 12 ಸೆಕೆಂಡು ಮಾತ್ರ! ಬೇರೊಬ್ಬ ಆಟಗಾರ ಹಾಕಿದ ಮಂತ್ರದ ಬಗ್ಗೆ ಊಹೆಯೇ ಗತಿ. ಅದರ ಮೇಲೆ ಓಮ್ನಿಸಿಸಿ ಅಂಕಿ ಕೂರಿಸಿದೊಡನೆ ಊಹೆಯೂ ಅಳತೆಯಂತೆ ಕಾಣುತ್ತದೆ. ನನ್ನ ಆಕ್ಷೇಪ ಇಷ್ಟೇ.

ದೂರವೂ ಒಂದು ತೊಡಕು. ಗಾಜಿನ ತಂತುವಿನಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್. 10,000 ಕಿಲೋಮೀಟರ್ ದೂರದ ಸರ್ವರ್‌ಗೆ ಸಂಕೇತ ಹೋಗಿ ಬರಲು ಕನಿಷ್ಠ 0.1 ಸೆಕೆಂಡು ಬೇಕು. ವಾಸ್ತವದಲ್ಲಿ ಇನ್ನೂ ಹೆಚ್ಚು. ಆಗ ಪರದೆಯ ಮೇಲಿನ ಕೊನೆಯ ದಶಾಂಶಕ್ಕೆ ಏನು ಬೆಲೆ?

ಆಯ್ಕೆಯ ನಿಯಮ ಸರಳ. ಆಟವೇ ಅವಧಿ ಕೊಡುವಲ್ಲಿ ಅದನ್ನು ಹಾಗೆಯೇ ತೋರಿಸುವ ಆಡ್-ಆನ್ ಸಾಕು. ಅಂದಾಜು ಅನಿವಾರ್ಯವಾದಲ್ಲಿ, ಅಂದಾಜನ್ನು ಅಂದಾಜೆಂದೇ ಗುರುತು ಮಾಡುವುದನ್ನು ಆರಿಸಿ. ಹಾಗೆ ಗುರುತು ಮಾಡದಿದ್ದರೆ ದಶಾಂಶವನ್ನಾದರೂ ಅಳಿಸಿಬಿಡಿ. ಪ್ರಯೋಗಶಾಲೆಯಲ್ಲಿ ದೋಷದ ಮಿತಿ ಬರೆಯದ ಅಳತೆಗೆ ನಾವು ಅಂಕ ಕೊಡುವುದಿಲ್ಲ. ಆಟಕ್ಕೆ ಮಾತ್ರ ವಿನಾಯಿತಿ ಏಕೆ?